ಲಕ್ಕಯ್ಯನನ್ನು ಹಿಡಿಯುವವರಿರಲಿಲ್ಲ

ಚಿಕ್ಕಮಗಳೂರಿನಲ್ಲಿ ನನ್ನ ಸೋದರಮಾವ ಲಕ್ಕಯ್ಯನ ಹೆಸರೆತ್ತಿದರೆ ಹಳಬರು ಇವತ್ತಿಗೂ ಒಂದೇ ಮಾತು ಕೇಳುತ್ತಾರೆ. 'ಓ, ಆ ಬಾಲ್ ಬಿಟ್ಟವನಾ?' ಕೇಳಿ ನಗುತ್ತಾರೆ. ನಗುವವರಲ್ಲಿ ಅರ್ಧ ಜನ ಆ ಮ್ಯಾಚ್ ನೋಡಿದವರೇ ಅಲ್ಲ. ನೋಡಿದವರಿಗೆ ಏನಾಯಿತೆಂದು ಚೆನ್ನಾಗಿ ಗೊತ್ತು, ಅವರು ಬಾಯಿ ಬಿಡುವುದಿಲ್ಲ. ಬಾಲ್ ಬಿಟ್ಟವನು ಲಕ್ಕಯ್ಯ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇಕಾದವರು ಓದಲಿ, ಬೇಡದವರು ಪುಸ್ತಕ ಮುಚ್ಚಿಡಲಿ.

ಮಾವ ತನ್ನ ಆಯುಸ್ಸಿನ ಬಹುಪಾಲು ಕಳೆದದ್ದು ಬಾಳೂರಿನ ಒಂದು ಎಸ್ಟೇಟಿನ ಪಲ್ಪರ್ ಮನೆಯಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ನಿನ ಪಕ್ಕ ನಿಂತೂ ನಿಂತೂ ಅವನ ಕಿವಿ ಮಂದವಾಗಿತ್ತು. ಬಂಗಲೆಯಿಂದ ಬಿಸಾಡಿದ ಇಂಗ್ಲಿಷ್ ಪೇಪರನ್ನು ಹೆಕ್ಕಿ ತಂದು, ಹಣ್ಣಿನ ರಾಶಿಯ ಮೇಲೆ ಕೂತು, ಅದನ್ನು ಜಾಹೀರಾತು ಸಮೇತ ಓದುತ್ತಿದ್ದ. ಆಳುಗಳ ಲೆಕ್ಕ ಬರೆಯಲು ಹೊಸದಾಗಿ ಬಂದ ರೈಟರುಗಳು ಬೆರಗಾಗಿ, 'ಕಾಲೇಜು ಓದಿ ಇಲ್ಲಿಗ್ಯಾಕೆ ಬಂದೆ ಮಾರಾಯ?' ಎಂದು ಕೇಳಿದರೆ, 'ಅಲ್ಲಿ ಮಳೆ ಜಾಸ್ತಿ ಆಯ್ತು' ಎನ್ನುತ್ತಿದ್ದ. ಮಳೆ ಹೆಚ್ಚಿರುವುದೇ ಮೂಡಿಗೆರೆ, ಕಳಸದ ಈ ಕಡೆ; ಮಳೆ ಜಾಸ್ತಿಯೆಂದು ಚಿಕ್ಕಮಗಳೂರಿನಿಂದ ಬಾಳೂರಿಗೆ ಓಡಿಬರುವವರು ಉಂಟೇ? ಆದರೆ ಯಾರೂ ಮತ್ತೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ಅವನು ನಿಜ ಹೇಳಿದ್ದು ಅವನ ಅಕ್ಕ ತಂಗಮ್ಮನಿಗೆ, ಅಂದರೆ ನನ್ನ ಅವ್ವನಿಗೆ. ಕೊನೆಯ ಮ್ಯಾಚನ್ನು ಅವ್ವ ಕಣ್ಣಾರೆ ಕಂಡಿದ್ದಳು. ನಾನು ಬರೆಯುತ್ತಿರುವುದು ಅವಳು ಹೇಳಿದ್ದನ್ನು. ಸಿಟ್ಟು ಮಾತ್ರ ನನ್ನ ಸ್ವಂತದ್ದು.

ಕಾಲೇಜಿನ ಹೆಸರು ಬರೆಯುವುದಿಲ್ಲ. ಅದಕ್ಕೆ ಅಷ್ಟು ಮರ್ಯಾದೆ ಕೊಡುವ ಮನಸ್ಸು ನನಗಿಲ್ಲ.

ಅಜ್ಜ ಅಜ್ಜಿ ಇಬ್ಬರೂ ಒಂದೇ ವರ್ಷ ಮಲೇರಿಯಾ ಜ್ವರಕ್ಕೆ ಹೋದರು. ಅವ್ವ ಆಗಿನ್ನೂ ಮದುವೆಯಾಗದ ಹುಡುಗಿ. ಹಣ್ಣು ಕೊಯ್ದು, ಕಳೆ ತೆಗೆದು, ತಮ್ಮನನ್ನು ಮೂಡಿಗೆರೆಯ ಸ್ಕೂಲಿಗೆ ಕಳಿಸಿದಳು. ಹುಡುಗ ಓದಿನಲ್ಲಿ ಚುರುಕಿದ್ದ. ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು, ಚಿಕ್ಕಮಗಳೂರಿನ ಹೈಸ್ಕೂಲು ಸೇರಿದ. ನಮ್ಮ ಕೇರಿಗಳ ಹುಡುಗರಿಗಾಗಿ ಯಾರೋ ಪುಣ್ಯಾತ್ಮರು ಒಂದು ಬಾಡಿಗೆ ಮನೆಯಲ್ಲಿ ಊಟ, ವಸತಿ ನಡೆಸುತ್ತಿದ್ದರು. ಆ ಪುಣ್ಯ ಹೈಸ್ಕೂಲಿನ ತನಕ ಮಾತ್ರ. ಕಾಲೇಜು ಸೇರಿದ ದಿನವೇ ಮಾವ ಬೀದಿಗೆ ಬಿದ್ದ. ಕಾಲೇಜಿಗೊಂದು ಹಾಸ್ಟೆಲ್ ಇತ್ತು, ಅದರಲ್ಲಿ ಖಾಲಿ ರೂಮುಗಳೂ ಇದ್ದವು. ಹಾಸ್ಟೆಲ್ ಕಮಿಟಿಯ ಅಧ್ಯಕ್ಷರು ಚಂದ್ರಶೇಖರಪ್ಪ ಅಂತ, ಏಲಕ್ಕಿ, ಕಾಫಿ ವ್ಯಾಪಾರದ ದೊಡ್ಡ ಕುಳ. ಖಾದಿ ಜುಬ್ಬಾ ಹಾಕಿ ಪುರಭವನದಲ್ಲಿ ಹರಿಜನೋದ್ಧಾರದ ಭಾಷಣ ಮಾಡುವವರು. ಮಾವ ಅರ್ಜಿ ಹಿಡಿದು ಹೋದಾಗ, ಜಗಲಿಯ ಕೆಳಗೇ ನಿಲ್ಲಿಸಿ, 'ಮುಂದಿನ ವರ್ಷ ನೋಡಾಣ' ಎಂದರು. ಆಟದ ಮೈದಾನದ ಹಿಂದೆ ಸುಣ್ಣದ ಪುಡಿ, ಗೋಲ್ ಕಂಬ, ಹುಲ್ಲು ಕೊಯ್ಯುವ ಕತ್ತಿ ಇಡುವ ಒಂದು ತಗಡಿನ ಶೆಡ್ ಇತ್ತು. ಮಾವ ಅಲ್ಲಿ ಮಲಗತೊಡಗಿದ. ಆ ಮಳೆಗಾಲದಲ್ಲಿ ಅವನ ಪುಸ್ತಕಗಳೆಲ್ಲ ಬೂಷ್ಟು ಹಿಡಿದವು. ಸುಣ್ಣದ ಧೂಳು ತಿಂದು ಕೆಮ್ಮು ಹತ್ತಿತು. ಇನ್ನೊಂದು ಮಳೆಗಾಲ ಆ ಶೆಡ್ಡಿನಲ್ಲಿದ್ದರೆ ಇಂಟರ್‌ಮೀಡಿಯೆಟ್ ಪರೀಕ್ಷೆ ಮರೆತುಬಿಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಸೋರದ ಒಂದು ರೂಮು. ಅಷ್ಟೇ.

ಆಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ವಿಲ್‌ಕಾಕ್ಸ್ ಅನ್ನುವ ಅಮೆರಿಕದವನೊಬ್ಬ ಊರಿಗೆ ಹೋಗಲು ಹಡಗಿಲ್ಲದೆ ನಮ್ಮ ಕಡೆ ಸಿಕ್ಕಿಹಾಕಿಕೊಂಡು, ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಅವನಿಗೆ ತನ್ನ ದೇಶದ ಫುಟ್‌ಬಾಲಿನ ಹುಚ್ಚು. ನಮ್ಮ ಫುಟ್‌ಬಾಲಿಗೂ ಅದಕ್ಕೂ ಹೆಸರು ಬಿಟ್ಟರೆ ಏನೂ ಸಂಬಂಧವಿಲ್ಲ. ಬಾಲು ಪಪ್ಪಾಯಿ ಹಣ್ಣಿನ ಹಾಗೆ ಉದ್ದಕ್ಕಿರುತ್ತದೆ. ಕಾಲಿನಲ್ಲಿ ಒದೆಯುವುದು ಕಡಿಮೆ, ಎದೆಗವುಚಿಕೊಂಡು ಓಡುವುದೇ ಹೆಚ್ಚು. ಕ್ಯಾಪ್ಟನ್ ಬಾಲನ್ನು ಓಟಗಾರನಿಗೆ ಕೊಡಬೇಕು, ಓಟಗಾರ ಎದುರು ಪಕ್ಷದ ಗೆರೆ ದಾಟಬೇಕು. ಎದುರಿನವರು ಅವನನ್ನು ಅಪ್ಪಿ ಹಿಡಿದು ನೆಲಕ್ಕೆ ಕೆಡವಬೇಕು. ನಾಲ್ಕು ಸಲ ಪ್ರಯತ್ನ ಮಾಡಿಯೂ ಹತ್ತು ಗಜ ಮುಂದೆ ಹೋಗದಿದ್ದರೆ ಬಾಲು ಅವರ ಪಾಲು. ಒಟ್ಟಿನಲ್ಲಿ ಮೈಗೆ ಮೈ ತಾಗದೆ ಆಡಲಾಗದ ಆಟ. ಅದನ್ನು ತಂದು ನಮ್ಮ ಊರಿನಲ್ಲಿ ಬಿತ್ತಿದ ಆ ಪುಣ್ಯಾತ್ಮನಿಗೆ ತಾನೇನು ಮಾಡುತ್ತಿದ್ದೇನೆಂಬ ಕಲ್ಪನೆಯೇ ಇರಲಿಲ್ಲ.

ವಿಲ್‌ಕಾಕ್ಸ್ ಊರೂರಿಗೆ ಬರೆದು, ಕಾಡಿ ಬೇಡಿ, ನಾಲ್ಕು ಟೀಮು ಒಟ್ಟುಮಾಡಿದ. ನಮ್ಮ ಕಾಲೇಜಿನದು ಒಂದು. ಹಾಸನದ ಕಡೆಯದು ಒಂದು, ಶಿವಮೊಗ್ಗದ ಕಡೆಯದು ಇನ್ನೊಂದು. ನಾಲ್ಕನೆಯದು ಮೂಡಿಗೆರೆ ಸುತ್ತಿನ ಎಸ್ಟೇಟುಗಳ ಬಿಳಿ ದೊರೆಗಳದು. ತಲೆಗೆ ಚಮ್ಮಾರರು ಹೊಲಿದುಕೊಟ್ಟ ತೊಗಲಿನ ಟೋಪಿ, ಭುಜಕ್ಕೆ ಕಾಫಿ ಹೊಟ್ಟು ತುಂಬಿದ ಗೋಣಿಯ ಮೆತ್ತೆ. ಆ ಟೋಪಿಗಳನ್ನು ಹೊಲಿದ ಕೈ ಯಾರದು ಎಂದು ಯಾರೂ ಕೇಳಲಿಲ್ಲ, ತಲೆಗೆ ಏರಿಸಿಕೊಂಡರು.

ಕ್ಯಾಪ್ಟನ್ ಆದವನು ಚಂದ್ರಶೇಖರಪ್ಪನವರ ಮಗ ಷಡಕ್ಷರಿ. ಬೆಳ್ಳಗೆ, ಎತ್ತರವಾಗಿ, ನೋಡಲು ಲಕ್ಷಣವಾಗಿದ್ದನಂತೆ. ಇದ್ದಿರಬಹುದು, ನಾನು ನೋಡಿಲ್ಲ. ನೋಡುವ ಆಸೆಯೂ ಇಲ್ಲ.

ಒಂದು ಸಂಜೆ ಮೈದಾನಕ್ಕೆ ನುಗ್ಗಿದ ಹೋರಿಯೊಂದನ್ನು ಮಾವ ಅಟ್ಟಿಸಿಕೊಂಡು ಹೋಗುವುದನ್ನು ವಿಲ್‌ಕಾಕ್ಸ್ ಕಂಡ. ಸೀಟಿ ಊದಿ ಕರೆದ, ಕೈಗೆ ಬಾಲು ಕೊಟ್ಟ, 'ಓಡು' ಎಂದ. ಮಾವ ಓಡಿದ. ವಿಲ್‌ಕಾಕ್ಸ್ ಕುಣಿದಾಡಿಬಿಟ್ಟ. ಟೀಮಿನವರು ಮುಖ ಮುಖ ನೋಡಿಕೊಂಡರು. ಇವನಿಲ್ಲದಿದ್ದರೆ ಟೀಮೇ ಇಲ್ಲ ಎಂದು ವಿಲ್‌ಕಾಕ್ಸ್ ಹಟ ಹಿಡಿದ ಮೇಲೆ, ಷಡಕ್ಷರಿ ಮಾವನನ್ನು ಶೆಡ್ಡಿನ ಹತ್ತಿರ ಕರೆದ. ಕರೆದ ಅಂದರೆ ಹತ್ತು ಮಾರು ದೂರದಲ್ಲಿ ನಿಂತು ಕೂಗಿದ.

'ಲೋ ಲಕ್ಕ, ಆಡ್ತೀಯೇನೋ?'

'ಸಾಹೇಬ್ರು ಹೇಳಿದಾರೆ. ನೀವು ಹ್ಞೂಂ ಅಂದ್ರೆ ಆಡ್ತೀನಿ.'

'ಆಡು. ಸೀಸನ್ ಗೆಲ್ಸು. ಅಪ್ಪಾಜಿ ಹತ್ರ ಹೇಳಿ ಹಾಸ್ಟೆಲ್‌ನಲ್ಲಿ ರೂಮು ಕೊಡಿಸ್ತೀನಿ. ಹಿಂದ್ಗಡೆ ಮೂಲೆ ರೂಮು ಖಾಲಿ ಬಿದ್ದದೆ. ಆದ್ರೆ ಒಂದು ಮಾತು. ಗೆದ್ರೆ ಮಾತ್ರ.'

ಮಾವ ಆ ಮೂಲೆ ರೂಮನ್ನು ಹೊರಗಿನಿಂದ ಎಷ್ಟು ಸಲ ಹೋಗಿ ನೋಡಿ ಬಂದನೋ ಲೆಕ್ಕವಿಲ್ಲ. ಅದರ ಕಿಟಕಿ ಯಾವ ದಿಕ್ಕಿಗಿದೆ, ಬೆಳಕು ಎಷ್ಟು ಹೊತ್ತಿನ ತನಕ ಇರುತ್ತದೆ, ಹೆಂಚು ಎಲ್ಲಿ ಒಡೆದಿದೆ, ಎಲ್ಲವನ್ನೂ ಅವ್ವನ ಮುಂದೆ ಹೇಳಿದ್ದ.

ಇನ್ನು ಆಟದ ಸಂಗತಿ. ಕ್ಯಾಪ್ಟನ್ ಬಾಲನ್ನು ಓಟಗಾರನ ಹೊಟ್ಟೆಗೆ ಒತ್ತಿ ಕೊಡಬೇಕು, ಕೈಯಿಂದ ಕೈಗೆ. ಹಾಗೆ ಕೊಟ್ಟರೆ ಅದು ಬೀಳುವ ಮಾತೇ ಇಲ್ಲ. ಷಡಕ್ಷರಿ ಕೊಡಲಿಲ್ಲ. ಎರಡು ಮಾರು ಆಚೆ ನಿಂತು ಎಸೆಯುತ್ತಿದ್ದ, ನಮ್ಮವರಿಗೆ ಅವರ ಅಂಗಳದಲ್ಲಿ ಎಲೆಯಡಿಕೆ ಎಸೆಯುವ ಹಾಗೆ. ಮಾವ ಹಿಡಿಯುತ್ತಿದ್ದ. ಹಾಗೆ ಎಸೆದದ್ದನ್ನು ಹಿಡಿಯುವುದು ನಮಗೆ ಹೊಸ ವಿದ್ಯೆಯೇ? ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು ಅದನ್ನೇ. ವಿಲ್‌ಕಾಕ್ಸನಿಗೆ ಇದು ಭಾರಿ ಹೊಸ ತಂತ್ರದಂತೆ ಕಂಡಿತು. 'ಚಿಕ್ಕಮಗಳೂರು ಎಸೆತ' ಎಂದು ಹೆಸರಿಟ್ಟು, ತನ್ನ ದೇಶದ ಗೆಳೆಯರಿಗೆಲ್ಲ ಬರೆದನಂತೆ. ಆಟದ ನಡುವೆ ಎಲ್ಲರೂ ತಲೆಗೆ ತಲೆ ಸೇರಿಸಿ ಮಾತಾಡಿಕೊಳ್ಳುವ ಪದ್ಧತಿ ಇತ್ತು. ಮಾವ ಹೊರಗೆ ನಿಂತು ಕಿವಿಗೊಡುತ್ತಿದ್ದ. ಯಾಕೆಂದು ಕೇಳಿದ ಸಾಹೇಬನಿಗೆ, 'ಅವನಿಗೆ ಕೆಮ್ಮು, ಸರ್' ಎಂದು ಷಡಕ್ಷರಿ ಹೇಳಿದ. ಪ್ರಾಕ್ಟೀಸಿನಲ್ಲಿ ಮಾವನನ್ನು ಒಬ್ಬರೂ ಹಿಡಿದು ಕೆಡವಲಿಲ್ಲ. ಇವನು ಮಿಂಚು, ಯಾರ ಕೈಗೂ ಸಿಗುವುದಿಲ್ಲ ಎಂದು ವಿಲ್‌ಕಾಕ್ಸ್ ಚಪ್ಪಾಳೆ ತಟ್ಟಿದ. ಕಣ್ಣಿದ್ದೂ ಕಾಣದವರಲ್ಲಿ ನನಗೆ ಅತ್ಯಂತ ಸಿಟ್ಟು ಬರುವುದು ಇಂಥ ಒಳ್ಳೆಯವರ ಮೇಲೆ.

ಕಾಫಿ ಕುಯ್ಲಿನ ಕಾಲದಲ್ಲಿ ಮೊದಲನೆಯ ಮ್ಯಾಚು ನಮ್ಮ ಮೈದಾನದಲ್ಲೇ ನಡೆಯಿತು, ಹಾಸನದ ಕಡೆಯವರ ಮೇಲೆ. ಬಂದವರೆಲ್ಲ ಜಮೀನುದಾರರ ಮಕ್ಕಳು, ಹಾಲು ತುಪ್ಪ ಉಂಡ ಮೈಯವರು. ಷಡಕ್ಷರಿ ಬಾಲು ಎಸೆದ, ಮಾವ ಹಿಡಿದು ಓಡಿದ. ಎದುರು ನುಗ್ಗಿ ಬಂದವರು ಹತ್ತಿರ ಬಂದದ್ದೇ ತಡ, ಆ ಕಡೆ ಈ ಕಡೆ ಸರಿದುಬಿಟ್ಟರು. ಗೆರೆ ದಾಟಿದ. ಮತ್ತೆ ಎಸೆದ, ಮತ್ತೆ ದಾಟಿದ. ಊರಿಗೆ ಊರೇ ಕುಣಿಯಿತು. ಅಷ್ಟು ಜನ ತನಗಾಗಿ ಕೂಗಿದ್ದನ್ನು ಮಾವ ಅದುವರೆಗೆ ಕೇಳಿರಲಿಲ್ಲ. ತನ್ನ ಕಾಲಿನಲ್ಲಿ ಏನೋ ಇದೆ ಎಂದು ಅವನು ನಂಬಿದ. ಆ ಒಂದು ವಾರ ಅವನು ಶೆಡ್ಡಿನಲ್ಲಿ ಸುಖವಾಗಿ ನಿದ್ದೆ ಮಾಡಿದ.

ಎರಡನೆಯ ಮ್ಯಾಚಿಗೆ ಶಿವಮೊಗ್ಗದ ಕಡೆ ಹೋದರು. ಪೆಟ್ರೋಲು ಸಿಗದ ಕಾಲ, ಇದ್ದಿಲು ಗ್ಯಾಸಿನ ಲಾರಿ ಕೆಮ್ಮುತ್ತಾ ಹೋಗುತ್ತಿತ್ತು. ಹುಡುಗರೆಲ್ಲ ಬೆಂಚಿನ ಮೇಲೆ, ಮಾವ ಹಿಂದೆ ಇದ್ದಿಲಿನ ಚೀಲದ ಮೇಲೆ. ಆಟಕ್ಕೆ ಮುಂಚೆ ಮಾವ ಒಂದು ಮರದ ಹಿಂದೆ ಮೆತ್ತೆ ಕಟ್ಟಿಕೊಳ್ಳುತ್ತಿದ್ದಾಗ, ಈಚೆ ಬದಿಯಲ್ಲಿ ಷಡಕ್ಷರಿ ಎದುರು ಪಕ್ಷದ ಕ್ಯಾಪ್ಟನ್ ಜೊತೆ ಮಾತಾಡುವುದು ಕೇಳಿಸಿತು.

'ನಮ್ಮ ಓಟದವನು ಯಾರು ಅಂತ ಮೊದ್ಲೇ ಹೇಳಿಬಿಡ್ತೀನಿ. ಕೇರಿಯೋನು. ನೀವು ಹಿಡ್ಕೊಂಡು ಆಮೇಲೆ ಮನೇಲಿ ಬೈಸ್ಕೊಂಡ್ರೆ ನಮ್ಮನ್ನ ಅನ್ಬೇಡಿ ಮತ್ತೆ.'

'ಹಾಸನದವ್ರಿಗೂ ಹೇಳಿದ್ರಾ?'

'ಹೇಳ್ದೆ ಇರ್ತೀನಾ? ಒಳ್ಳೇ ಮನೆ ಮಕ್ಳು. ನಮ್ಮಿಂದ ಅವರಿಗೆ ಯಾಕೆ ಮೈಲಿಗೆ?'

ಮಾವನ ಕಾಲಿನಲ್ಲಿದ್ದ ಮಿಂಚೆಲ್ಲ ಅಲ್ಲೇ ಇಳಿದುಹೋಯಿತು.

ಆಟ ಶುರುವಾಯಿತು. ಬಾಲು ಬಂತು. ಮಾವ ಓಡಲಿಲ್ಲ, ನಡೆದ. ಬಾಲನ್ನು ಕಂಕುಳಲ್ಲಿಟ್ಟುಕೊಂಡು ಸಂತೆಗೆ ಹೋಗುವವನ ಹಾಗೆ ನಡೆದ. ಎದುರಿಗೆ ಬಂದವನು ನಿಂತ. ಮಾವ ಅವನ ಮುಖವನ್ನೇ ನೋಡುತ್ತಾ ಮುಂದೆ ಹೆಜ್ಜೆ ಇಟ್ಟ. ಅವನು ಹಿಂದೆ ಸರಿದ. ಪಕ್ಕದಿಂದ ಬಂದವನೂ ಕೈ ಎತ್ತಿ, ಇಳಿಸಿ, ಸರಿದ. ಹಾಗೆ ನಡೆಯುತ್ತಲೇ ಗೆರೆ ದಾಟಿ, ಬಾಲನ್ನು ನೆಲಕ್ಕಿಟ್ಟ. ಜನ ಮೊದಲು ಬೆಪ್ಪಾದರು, ಆಮೇಲೆ ಹೋ ಎಂದು ನಕ್ಕರು. ವಿಲ್‌ಕಾಕ್ಸ್ ಓಡಿಬಂದು ಮಾವನ ಬೆನ್ನು ತಟ್ಟಿ, ಎಂಥ ಧೈರ್ಯ ಎಂದ.

ಅರ್ಧ ಆಟದ ವಿರಾಮದಲ್ಲಿ ಶಿವಮೊಗ್ಗದವರು ಒಂದು ಉಪಾಯ ಮಾಡಿದರು. ಕಂಬಳಿಗೆ ಮೈಲಿಗೆ ಇಲ್ಲವಂತೆ, ದೊಡ್ಡವರು ಹೇಳುತ್ತಾರೆ. ಎಲ್ಲಿಂದಲೋ ಕಂಬಳಿ ತಂದು, ಹರಿದು, ತೋಳಿನಿಂದ ಬೆರಳಿನ ತನಕ ಸುತ್ತಿಕೊಂಡು ಬಂದರು. ಆ ಡುಮ್ಮ ಕೈಗಳಲ್ಲಿ ಹಿಡಿತವೇ ಸಿಗದೆ ಮಾವನ ಮೇಲೆ ಉರುಳಿ ಉರುಳಿ ಬಿದ್ದರು. ಒಂದೆರಡು ಸಲ ಕೆಡವಿದರೂ ಕೂಡ. ಆದರೂ ನಾವೇ ಗೆದ್ದೆವು. ಅವರಿಗೆಲ್ಲ ಚಳಿ ಎಂದುಕೊಂಡ ವಿಲ್‌ಕಾಕ್ಸ್, ಬಿಸಿ ಕಾಫಿ ತರಿಸಿಕೊಟ್ಟ.

ಹಿಂದಿರುಗುವಾಗ ಲಾರಿ ನಿಂತ ಕಡೆ ಮಾವ ಷಡಕ್ಷರಿಯನ್ನು ಕೇಳಿಯೇಬಿಟ್ಟ. 'ಇದು ಆಟನಾ?'

'ಎಂತದಾ? ಗೆಲ್ತಾ ಇದ್ದೀವಲ್ಲ ಮಾರಾಯ. ಇನ್ನೊಂದೇ ಮ್ಯಾಚು. ರೂಮು ಬೇಕೋ ಬೇಡ್ವೋ ಹೇಳು.'

ಮಾವ ಮತ್ತೆ ಇದ್ದಿಲಿನ ಚೀಲ ಹತ್ತಿ ಕೂತ. ರೂಮು ಬೇಕಿತ್ತಲ್ಲ.

ನಡುವೆ ರಜೆಗೆ ಬಾಳೂರಿಗೆ ಬಂದಾಗ ಅವ್ವನ ಮುಂದೆ ಎಲ್ಲ ಕಕ್ಕಿದ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅವನು ಆಟ ಬಿಟ್ಟುಬಿಡುತ್ತೇನೆ ಎಂದ.

'ಬಿಟ್ಟು?' ಅವ್ವ ಕೇಳಿದಳು.

'ಬಿಟ್ಟು ಇಲ್ಲೇ ಕೂಲಿ ಮಾಡ್ತೀನಿ. ನಾನು ನಡ್ಕೊಂಡು ಹೋದೆ ಅಕ್ಕ. ದನಕ್ಕಾದ್ರೂ ಅಡ್ಡ ನಿಂತು ಹಗ್ಗ ಹಾಕ್ತಾರೆ.'

'ಅವರ ಸೊಕ್ಕು ನಿಂಗೆ ದಾರಿ ಬಿಡ್ತು ಅಂದ್ರೆ ನಡಿ. ನಿಂಗೆ ಬೇಕಾಗಿರೋದು ಅವರ ಅಪ್ಪುಗೆ ಅಲ್ಲ, ರೂಮು. ಅದನ್ನ ಇಸ್ಕೋ. ಬಾಗ್ಲು ಹಾಕ್ಕೊಂಡು ಓದು. ಓದಿ ಅಮಲ್ದಾರ ಆಗಿ ಬಂದು ಅವರನ್ನ ಜಗಲಿ ಕೆಳಗೆ ನಿಲ್ಸು.'

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಸೇಡು ಮಾತ್ರ ಚೆನ್ನಾಗಿ ಬರುತ್ತಿತ್ತು. ಮಾವ ವಾಪಸು ಹೋದ.

ಕೊನೆಯ ಮ್ಯಾಚು ದೊರೆಗಳ ಮೇಲೆ. ಅವರ ಟೀಮಿನ ಮುಂದಾಳು ಪ್ರಿಂಗಲ್, ಅವ್ವ ಕೂಲಿ ಮಾಡುತ್ತಿದ್ದ ಎಸ್ಟೇಟಿನ ಚಿಕ್ಕ ದೊರೆ. ಕುದುರೆಯ ಮೇಲೆ ಬಂದು, ಹಣ್ಣಿನ ಬುಟ್ಟಿಯಲ್ಲಿ ಒಂದು ಕಾಯಿ ಕಂಡರೂ ಇಡೀ ಬುಟ್ಟಿ ಒದ್ದು ಚೆಲ್ಲುವ ಗಂಡಸು. ದೊರೆಗಳಿಗೆ ಚಪ್ಪಾಳೆ ತಟ್ಟಲು ಜನ ಬೇಕೆಂದು ರೈಟರು ಕೂಲಿ ಲೈನಿನ ಮನೆಗಳ ಆಳುಗಳನ್ನೆಲ್ಲ ಲಾರಿಗೆ ತುಂಬಿದ. ಅವ್ವನೂ ಬಂದಳು. ತಮ್ಮನ ಎದುರು ಪಕ್ಷಕ್ಕೆ ಕೈ ತಟ್ಟಲು ಅಕ್ಕನನ್ನು ಲಾರಿಯಲ್ಲಿ ತಂದದ್ದು, ನೋಡಿ. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿ ಕೂತಳು.

ಹಿಂದಿನ ದಿನ ಹೂಮಳೆ ಬಿದ್ದಿತ್ತು. ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಆ ಮೊದಲ ಮಳೆಗೆ ಬೆಳೆಗಾರರೆಲ್ಲ ಖುಷಿಯಾಗಿದ್ದರು, ಮೈದಾನ ಮಾತ್ರ ಕೆಸರು ಗದ್ದೆ. ಚಂದ್ರಶೇಖರಪ್ಪನವರು ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು, ಒಬ್ಬ ಆಳು ಕೊಡೆ ಹಿಡಿದಿದ್ದ.

ಮೊದಲ ಸಲ ಬಾಲು ಬಂದಾಗ ಮಾವ ಅಭ್ಯಾಸದಂತೆ ನಡೆದಷ್ಟು ನಿಧಾನವಾಗಿಯೇ ಹೋದ. ಪ್ರಿಂಗಲ್ ಬಂದು ಸೊಂಟಕ್ಕೆ ತೋಳು ಹಾಕಿ, ಎತ್ತಿ, ಕೆಸರಿಗೆ ಕುಕ್ಕಿದ. ಮಾವನ ಉಸಿರೇ ನಿಂತುಹೋಯಿತು. ಪ್ರಿಂಗಲ್ ಎದ್ದು, ಇವನ ಮುಖ ನೋಡಿ, 'ಬಾಳೂರ್ ಲೈನ್?' ಎಂದು ನಕ್ಕ. ದೊರೆಗಳಿಗೆ ನಮ್ಮನ್ನು ಮುಟ್ಟಲು ಯಾವತ್ತೂ ಅಂಜಿಕೆ ಇರಲಿಲ್ಲ. ಬೆತ್ತದಿಂದ ಮುಟ್ಟುತ್ತಿದ್ದರು, ಬೂಟಿನಿಂದ ಮುಟ್ಟುತ್ತಿದ್ದರು. ಆದ್ದರಿಂದ ಇಲ್ಲಿ ಯಾರೂ ಅವರನ್ನು ಹೊಗಳುವ ಕೆಲಸವಿಲ್ಲ.

ಆದರೆ ಮಾವ ಅವ್ವನಿಗೆ ಹೇಳಿದ್ದನ್ನು ಬರೆಯದೆ ಬಿಡಲಾರೆ. ಎರಡನೆಯ ಸಲ ಬಿದ್ದಾಗ ಅವನಿಗೆ ನೋವಿನ ಜೊತೆಗೆ ಇನ್ನೇನೋ ಆಯಿತಂತೆ. 'ಹಿಡಿಯೋರು ಇದ್ರೆ ತಾನೇ ಅಕ್ಕ ಓಡೋದು' ಎಂದಿದ್ದ. ಮೂರನೆಯ ಸಲ ಅವನು ನಿಜವಾಗಿ ಓಡಿದ. ಒಬ್ಬನ ತೋಳು ಕೊಡವಿದ, ಇನ್ನೊಬ್ಬನ ತಲೆಯ ಮೇಲಿಂದ ಹಾರಿದ. ಪ್ರಿಂಗಲ್ ಕಾಲಿಗೆ ಬಿದ್ದು ಹಿಡಿದರೆ ಅವನನ್ನು ಎಳೆದುಕೊಂಡೇ ಗೆರೆಯ ತನಕ ಹೋದ. ಹಿಂದಿನ ಎರಡು ಮ್ಯಾಚಿನಲ್ಲಿ ಕಂಡದ್ದೆಲ್ಲ ಸುಳ್ಳು, ಇದು ದಿಟ. ಅವನ ಕಾಲಿನಲ್ಲಿ ನಿಜಕ್ಕೂ ಏನೋ ಇತ್ತು. ಎಸ್ಟೇಟಿನ ಆಳುಗಳು ರೈಟರು ಕಣ್ಣು ಕೆಕ್ಕರಿಸಿದರೂ ಬಿಡದೆ ಕೇಕೆ ಹಾಕಿದರು. ಅವ್ವ ಸೆರಗಿನಿಂದ ಕೈ ತೆಗೆದು ತಟ್ಟಿದಳು.

ಸಂಜೆಯಾಗುತ್ತಾ ಬಂತು. ದೊರೆಗಳು ಸ್ವಲ್ಪ ಮುಂದಿದ್ದರು. ಇನ್ನೊಂದೇ ಒಂದು ಸಲ ಗೆರೆ ದಾಟಿದರೆ ನಾವು ಗೆದ್ದ ಹಾಗೆ. ಬಾಲು ಗೆರೆಯಿಂದ ಮೂರು ಗಜದಲ್ಲಿತ್ತು, ಉಳಿದದ್ದು ಕೊನೆಯ ಪ್ರಯತ್ನ. ಬಾಲಿಗೆಲ್ಲ ಕೆಸರು ಮೆತ್ತಿ ಸೋಪಿನ ಹಾಗೆ ಜಾರುತ್ತಿತ್ತು. ವಿಲ್‌ಕಾಕ್ಸ್ ಗೆರೆಯಾಚೆಯಿಂದ ಗಂಟಲು ಹರಿಯುವ ಹಾಗೆ ಕೂಗಿದ. ಎಸೆಯಬೇಡ, ಕೈಗೆ ಕೊಡು, ಕೈಗೆ ಕೊಡು. ಅಷ್ಟರಲ್ಲಿ ಅವನಿಗೆ ಇಂಗ್ಲಿಷ್ ಸಾಕಾಗದೆ ಕನ್ನಡದಲ್ಲೂ ಕೂಗಿದ.

ಎಲ್ಲರೂ ಜಾಗಕ್ಕೆ ನಿಂತರು. ಮಾವ ಷಡಕ್ಷರಿಯ ಹತ್ತಿರ ಬಂದು, ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ತೊಟ್ಟಿಲ ಹಾಗೆ ಹಿಡಿದು ನಿಂತ.

'ಕೈಗೇ ಕೊಡಿ' ಎಂದ. 'ಒಂದೇ ಸಲ. ದಾಟ್ತೀನಿ.'

ಷಡಕ್ಷರಿ ಅವನ ಕೈಗಳನ್ನು ನೋಡಿದ. ಆಮೇಲೆ ಕೊಡೆಯ ಕಡೆ ನೋಡಿದ. ಚಂದ್ರಶೇಖರಪ್ಪನವರು ಕುರ್ಚಿಯ ತುದಿಗೆ ಬಂದು ಕೂತಿದ್ದರು.

'ಆ ಕಡೆ ನಿಲ್ಲೋ' ಎಂದ ಷಡಕ್ಷರಿ.

ಮಾವ ನಿಂತಲ್ಲೇ ನಿಂತ. ಬಾಲು ಷಡಕ್ಷರಿಯ ಕೈಗೆ ಬಂತು. ಕೊಡುವುದಕ್ಕೆ ಒಂದು ಮೊಳವೂ ಇರಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಹಾರಿ, ಅಲ್ಲಿಂದ ಎಸೆದ. ಕೆಸರಿನ ಬಾಲು ಅವನ ಬೆರಳಿನಲ್ಲೇ ಜಾರಿತು. ಮಾವನ ಕೈಗೆ ಬರಲೇ ಇಲ್ಲ, ಇಬ್ಬರ ನಡುವೆ ಪಚ್ಚೆಂದು ಬಿತ್ತು. ಮಾವ ಬಗ್ಗುವಷ್ಟರಲ್ಲಿ ಪ್ರಿಂಗಲ್ ಅದರ ಮೇಲೆ ಮಲಗಿದ್ದ. ವಿಲ್‌ಕಾಕ್ಸ್ ತಲೆಯ ಮೇಲೆ ಕೈ ಹೊತ್ತು ಕೂತ. ಸೀಟಿ ಕೇಳಿಸಿತು, ಸೀಸನ್ ಮುಗಿಯಿತು.

ದೊರೆಗಳು ಮೈ ಒರೆಸಿಕೊಂಡು ವಿಲ್‌ಕಾಕ್ಸನ ಹೆಗಲಿಗೆ ಕೈ ಹಾಕಿ, ಕಾರು ಹತ್ತಿಸಿ, ಕ್ಲಬ್ಬಿಗೆ ಕರೆದುಕೊಂಡು ಹೋದರು. ಅವನೂ ಹೋದ. ಬಿಳಿಯರಿಗೆ ಸೋಲು ಗೆಲುವು ಎಲ್ಲ ಒಂದೇ ಗ್ಲಾಸಿನಲ್ಲಿ ಕರಗುತ್ತದೆ. ಮೈದಾನದಲ್ಲಿ ಉಳಿದದ್ದು ನಮ್ಮೂರಿನವರು.

ಚಂದ್ರಶೇಖರಪ್ಪನವರು ಪಂಚೆಯ ಅಂಚನ್ನು ಎತ್ತಿ ಹಿಡಿದು ಕೆಸರಿಗೆ ಇಳಿದು ಬಂದರು. ಟೀಮಿನವರು ಸುತ್ತ ನಿಂತರು, ಜನ ಅವರ ಸುತ್ತ ನಿಂತರು.

'ಏನಾಯ್ತೋ?' ಎಂದು ಮಗನನ್ನು ಕೇಳಿದರು.

ಷಡಕ್ಷರಿ ಒಂದು ಕ್ಷಣವೂ ಯೋಚಿಸಲಿಲ್ಲ. 'ನಾನು ಸರಿಯಾಗೇ ಕೊಟ್ಟೆ ಅಪ್ಪಾಜಿ. ಅವನು ಬಿಟ್ಟ.'

'ಬಿಡ್ದೆ ಇನ್ನೇನ್ ಮಾಡ್ತಾನೆ?' ಚಂದ್ರಶೇಖರಪ್ಪನವರು ಮಾವನ ಕಡೆ ತಿರುಗಿದರು. 'ಕಾಲೇಜಿನ ಮಾನ ಕಳೆದ್ಯಲ್ಲೋ. ಹಾಸ್ಟೆಲ್ಲಂತೆ, ರೂಮಂತೆ. ಇನ್ನು ಆ ಮಾತು ಎತ್ತಬೇಡ. ಶೆಡ್ಡೂ ಖಾಲಿ ಮಾಡು.'

'ನನ್ನ ಕೈಗೆ ಬರ್ಲೇ ಇಲ್ಲ, ನೀವೇ ನೋಡಿದ್ರಿ' ಎಂದ ಮಾವ.

ನೋಡಿದ್ದರು. ಎಲ್ಲರೂ ನೋಡಿದ್ದರು. ಮಾವ ಟೀಮಿನ ಒಬ್ಬೊಬ್ಬನ ಮುಖವನ್ನೂ ನೋಡಿದ. ಒಬ್ಬನು ಬೂಟಿನ ಲಾಡಿ ಬಿಚ್ಚತೊಡಗಿದ, ಇನ್ನೊಬ್ಬನಿಗೆ ಗುಡ್ಡದ ಕಡೆ ಏನೋ ಕಂಡಿತು. 'ನೀವಾದ್ರೂ ಹೇಳಿ' ಎಂದು ಷಡಕ್ಷರಿಗೇ ಹೇಳಿದ. ಷಡಕ್ಷರಿ ತನ್ನ ತೊಗಲು ಟೋಪಿ ಬಿಚ್ಚಿ, 'ಹೋಗೋ ಹೋಗು' ಎಂದು ಮುಖ ತಿರುಗಿಸಿ ಹೊರಟ.

ಮಾವ ನಾಲ್ಕು ಹೆಜ್ಜೆ ಓಡಿ, ಅವನ ಸೊಂಟಕ್ಕೆ ತೋಳು ಹಾಕಿ, ಎತ್ತಿ, ಕೆಸರಿಗೆ ಕುಕ್ಕಿದ. ಪ್ರಿಂಗಲ್ ಅವತ್ತು ಅವನಿಗೆ ಕಲಿಸಿದ್ದ ಹಾಗೆಯೇ. ಹೊಡೆಯಲಿಲ್ಲ, ಬೈಯಲಿಲ್ಲ. ಮೇಲೆ ಬಿದ್ದು, ಎರಡೂ ತೋಳುಗಳಿಂದ ಬಿಗಿಯಾಗಿ ಅಪ್ಪಿ, ಕೆನ್ನೆಗೆ ಕೆನ್ನೆ ತಾಗಿಸಿ ಹಿಡಿದುಕೊಂಡ.

'ಬಿಡೋ! ಲೋ, ಬಿಡೋ!' ಷಡಕ್ಷರಿ ಕೈಕಾಲು ಬಡಿದ. 'ಬಿಡಿಸ್ರೋ ಯಾರಾದ್ರೂ!'

ಟೀಮಿಗೆ ಟೀಮೇ ನುಗ್ಗಿತು. ನುಗ್ಗಿ, ನಿಂತಿತು. ಬಿಡಿಸಬೇಕಾದರೆ ಲಕ್ಕಯ್ಯನನ್ನು ಮುಟ್ಟಬೇಕಲ್ಲ. ಒಬ್ಬ ಕೋಲು ತಾ ಎಂದ. ಇನ್ನೊಬ್ಬ ಕಂಬಳಿ ಇದೆಯೇ ನೋಡು ಎಂದ. ನೀನು ಹಿಡಿ, ನೀನು ಎಳೆ ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ತಳ್ಳಿಸಿಕೊಂಡವನು ಹಿಂದೆ ಬಂದ. ಎಸ್ಟೇಟಿನ ಆಳುಗಳು ಬೇಲಿಯ ಹತ್ತಿರ ನಿಂತಿದ್ದರು. ಅವರನ್ನಾದರೂ ಕರೆಯಿರಿ ಎಂದು ಯಾರೋ ಕೂಗಿದರು. ಅವರಲ್ಲಿ ಒಬ್ಬರೂ ಕದಲಲಿಲ್ಲ. 'ನಾನೂ ಕದಲಲಿಲ್ಲ' ಎಂದು ಹೇಳುವಾಗ ಅವ್ವನ ಮುಖ ನೋಡಬೇಕಿತ್ತು ನೀವು.

ಇಡೀ ಊರು ಸುತ್ತ ನಿಂತು ನೋಡಿತು. ಷಡಕ್ಷರಿಯ ಕಿರುಚಾಟ ಅಳುವಾಯಿತು. ಮಾವ ಹಿಡಿದೇ ಇದ್ದ.

ಕೊನೆಗೆ ಚಂದ್ರಶೇಖರಪ್ಪನವರೇ ಹತ್ತಿರ ಬಂದರು. ಒಂದು ಮಾರು ದೂರಕ್ಕೆ ಬಂದು ನಿಂತರು. ಷಡಕ್ಷರಿ ಹೇಗೋ ಒಂದು ತೋಳು ಬಿಡಿಸಿಕೊಂಡು, ಕೆಸರು ಮೆತ್ತಿದ ಕೈಯನ್ನು ಅವರ ಕಡೆ ಚಾಚಿದ.

'ಅಪ್ಪಾಜಿ, ಕೈ ಕೊಡಿ.'

ಚಂದ್ರಶೇಖರಪ್ಪನವರು ಮಗನ ಕೈಯನ್ನು ನೋಡಿದರು. ಆ ಕೈ, ಆ ಮೈ, ಆ ಕೆನ್ನೆ ಎಲ್ಲವೂ ಆಗಲೇ ಮೈಲಿಗೆಯಾಗಿತ್ತು. ಮುಂದೆ ಬಂದಿದ್ದ ಅವರ ಬಲಗೈ ಅಲ್ಲೇ ನಿಂತಿತು. ಆಮೇಲೆ ಹಿಂದೆ ಹೋಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, 'ಎದ್ದು ಬಾ' ಎಂದರು. 'ನೀನೇ ಎದ್ದು ಬಾ. ಮನೆಗೆ ಹಿತ್ತಿಲ ಕಡೆಯಿಂದ ಹೋಗು, ಸ್ನಾನಕ್ಕೆ ನೀರು ಹಾಕಿಸಿರ್ತೀನಿ.'

ಷಡಕ್ಷರಿಯ ಕೈ ಗಾಳಿಯಲ್ಲೇ ಇತ್ತು. ಅವನು ಅಪ್ಪನ ಮುಖವನ್ನು ನೋಡುತ್ತಲೇ ಇದ್ದ, ಒದ್ದಾಡುವುದನ್ನು ಮರೆತುಬಿಟ್ಟಿದ್ದ.

ಅದನ್ನು ಕಂಡು ಮಾವ ತೋಳು ಸಡಿಲಿಸಿದ. ಎದ್ದು ನಿಂತು, ಬೇಲಿಯ ಕಡೆ ನಡೆದ. ಜನ ದಾರಿ ಬಿಟ್ಟರು. ಅವ್ವ ಅವನ ತೋಳು ಹಿಡಿದು ಲಾರಿ ಹತ್ತಿಸಿದಳು. ಹಿಂದಿರುಗಿ ನೋಡಿದಾಗ ಷಡಕ್ಷರಿ ಇನ್ನೂ ಕೆಸರಿನಲ್ಲೇ ಕೂತಿದ್ದ, ಅವನ ಟೀಮು ಅವನಿಂದ ಎರಡು ಮಾರು ದೂರದಲ್ಲಿ ನಿಂತಿತ್ತು.